ಕೋಶವನ್ನು ಹಿಂದಕ್ಕೆ ಕರೆದೊಯ್ಯಬಹುದು, ಮುಂದಕ್ಕೆ ತರುವುದೇ ಕಷ್ಟ

2024ರ ಸೆಪ್ಟೆಂಬರ್‌ನಲ್ಲಿ ಚೀನಾದಿಂದ ಒಂದು ಸುದ್ದಿ ಬಂತು. ಟೈಪ್ 1 ಮಧುಮೇಹವಿದ್ದ 25 ವರ್ಷದ ಹೆಣ್ಣುಮಗಳೊಬ್ಬಳ ಕೊಬ್ಬಿನಿಂದ ಒಂದಷ್ಟು ಕೋಶ ತೆಗೆದು, ಅವುಗಳ ಗುಣವನ್ನೇ ಬದಲಿಸಿ, ಇನ್ಸುಲಿನ್ ಮಾಡುವ ಕೋಶಗಳನ್ನಾಗಿಸಿ ಮತ್ತೆ ಅವಳಿಗೇ ಹಾಕಿದ್ದರು. ಎರಡೂವರೆ ತಿಂಗಳ ನಂತರ ಅವಳಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯವೇ ಬೀಳಲಿಲ್ಲ. 2025ರಲ್ಲಿ ಜಪಾನಿನಿಂದ ಇನ್ನೆರಡು ಸುದ್ದಿ ಬಂದವು. ಪಾರ್ಕಿನ್ಸನ್ ಕಾಯಿಲೆಗೆ ಒಂದು, ಸೋತ ಹೃದಯಕ್ಕೆ ಒಂದು, ಇದೇ ಬಗೆಯ ಕೋಶಗಳಿಂದ ಮಾಡಿದ ಚಿಕಿತ್ಸೆಗೆ ಅನುಮತಿ ಕೊಡಿ ಅಂತ ಅಲ್ಲಿನ ಎರಡು ಕಂಪನಿಗಳು ಸರ್ಕಾರಕ್ಕೆ ಅರ್ಜಿ ಹಾಕಿದವು.

ಇಂಥ ಸುದ್ದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಿಗೆ ಬಂದು ಮುಟ್ಟುವ ಹೊತ್ತಿಗೆ "ಶುಗರ್‌ಗೆ ಶಾಶ್ವತ ಪರಿಹಾರ" ಎಂದಾಗಿರುತ್ತದೆ. ಅದೇ ಫೋನಿನಲ್ಲಿ ಸ್ವಲ್ಪ ಕೆಳಗೆ ಹೋದರೆ ಜಾಹೀರಾತು: ಮಂಡಿ ನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್, ಆಪರೇಷನ್ ಬೇಡ. ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಕುಡಿದು ಕೀಲು ಬಿಗಿದುಕೊಂಡವರು ಪಾವಗಡದ ಕಡೆಯೂ ಇದ್ದಾರೆ, ಬಾಗೇಪಲ್ಲಿ ಕಡೆಯೂ ಇದ್ದಾರೆ. ಅವರು ಇವೆರಡನ್ನೂ ನೋಡಿ, ಚೀನಾದವರು ಮಾಡಿದ್ದೂ ಇದೂ ಒಂದೇನಾ ಎಂದು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಎರಡು ಕಡೆಯೂ ಹೆಸರು ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶ, ಎಂದೇ ಇದೆ.

ಒಂದೇ ಅಲ್ಲ. ಯಾಕೆ ಅಲ್ಲ ಅನ್ನೋದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಡಿಎನ್‌ಎ ಒಂದೇ, ಕೆಲಸ ಬೇರೆ ಬೇರೆ

ನಮ್ಮ ಕಣ್ಣು, ಚರ್ಮ, ಹೃದಯ, ಮೆದುಳು ಎಲ್ಲದರ ಕೋಶಗಳೂ ಒಂದೇ ಒಂದು ಫಲಿತ ಅಂಡದಿಂದ ಬಂದವು. ಹಾಗಾಗಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್ ಮಾಡುವ ಸುಮಾರು 20,000 ಜೀನ್‌ಗಳು ಚರ್ಮದ ಕೋಶದಲ್ಲೂ ಇವೆ, ಮೆದುಳಿನ ಕೋಶದಲ್ಲೂ ಇವೆ. ಆದರೆ ಪ್ರತಿ ಕೋಶವೂ ತನ್ನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಬಳಸುತ್ತದೆ. ಮಿಕ್ಕದ್ದನ್ನು ಮುಚ್ಚಿಡುತ್ತದೆ.

ಮುಚ್ಚಿಡುವುದು ಹೇಗೆ? ಒಂದು ಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ ಬರುತ್ತದೆ. ಅದಷ್ಟೂ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯೂಕ್ಲಿಯಸ್ಸಿನಲ್ಲಿ ಕೂತಿರುತ್ತದೆ. ಬಿಗಿಯಾಗಿ ಸುತ್ತಿಕೊಂಡ ಭಾಗದ ಜೀನ್‌ಗಳನ್ನು ಕೋಶ ಓದಲಾರದು. ಸಡಿಲವಾಗಿರುವ ಭಾಗವನ್ನು ಓದುತ್ತದೆ. ಇದರ ಜೊತೆಗೆ ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಳ್ಳುತ್ತವೆ, ಇಲ್ಲಿ ಓದಬೇಡ ಎನ್ನುವಂಥವು. ಕೋಶ ಎರಡಾದಾಗ ಈ ಗುರುತುಗಳೂ ಮರಿಕೋಶಗಳಿಗೆ ದಾಟುತ್ತವೆ. ಕೈ ಮೇಲೆ ಗಾಯವಾದರೆ ಅಲ್ಲಿ ಚರ್ಮವೇ ಬೆಳೆಯುತ್ತದೆ, ಹಲ್ಲು ಬೆಳೆಯುವುದಿಲ್ಲ. ಅದಕ್ಕೆ ಕಾರಣ ಇದೇ.

ಗಿಡಗಳಿಗೆ ಈ ಕಟ್ಟುಪಾಡು ಅಷ್ಟು ಬಿಗಿಯಿಲ್ಲ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಮಾಡುವವರು ಡಾಗ್‌ರಿಡ್ಜ್ ಎಂಬ ತಳಿಯ ಕಡ್ಡಿ ಕತ್ತರಿಸಿ ಮಣ್ಣಿಗೆ ಚುಚ್ಚುತ್ತಾರೆ. ಕಾಂಡದಲ್ಲಿದ್ದ ಕೋಶಗಳು ಬೇರು ಬಿಡುತ್ತವೆ, ಅದರ ಮೇಲೆ ಬೇಕಾದ ತಳಿ ಕಸಿ ಕಟ್ಟುತ್ತಾರೆ. ಟಿಶ್ಯೂ ಕಲ್ಚರ್ ಬಾಳೆಯೋ ದಾಳಿಂಬೆಯೋ ನೆಟ್ಟವರಿಗಂತೂ ಇದು ಹೊಸದೇ ಅಲ್ಲ. ಚೂರು ಅಂಗಾಂಶದಿಂದ ಸಾವಿರಾರು ಸಸಿ ಮಾಡಿ ಮಾರುತ್ತಾರೆ. ಪ್ರಾಣಿಗಳಲ್ಲಿ ಹಾಗಾಗುವುದಿಲ್ಲ, ಬೆರಳು ಕತ್ತರಿಸಿ ನೆಟ್ಟರೆ ಮನುಷ್ಯ ಹುಟ್ಟಲ್ಲ. ಹಾಗಾದರೆ ಪ್ರಾಣಿಗಳ ಕೋಶದಲ್ಲಿ ಬೇಡದ ಜೀನ್‌ಗಳು ಅಳಿಸಿಯೇ ಹೋಗುತ್ತವೋ, ಅಥವಾ ಇದ್ದೂ ಸುಮ್ನೆ ಮುಚ್ಚಿಕೊಂಡಿರುತ್ತವೋ? ವಿಜ್ಞಾನಿಗಳಿಗೆ ಈ ಪ್ರಶ್ನೆ ಬಹಳ ಕಾಲ ಕಾಡಿತು. ಅಳಿಸಿಹೋಗಿದ್ದರೆ ವಾಪಸ್ ಹೋಗುವ ಮಾತೇ ಇಲ್ಲ.

ಕಪ್ಪೆಯಿಂದ ಇಲಿಗೆ 44 ವರ್ಷ

1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಉತ್ತರ ಕೊಟ್ಟರು. ಕಪ್ಪೆಯ ಅಂಡದ ನ್ಯೂಕ್ಲಿಯಸ್ ಹಾಳುಮಾಡಿ, ಆ ಜಾಗಕ್ಕೆ ಗೊದಮೊಟ್ಟೆಯ ಕರುಳಿನ ಕೋಶದಿಂದ ತೆಗೆದ ನ್ಯೂಕ್ಲಿಯಸ್ ಹಾಕಿದರು. ಬಹುಪಾಲು ಕೆಟ್ಟವು. ಕೆಲವು ಮಾತ್ರ ಬೆಳೆದವು. ಆ ಕೆಲವೇ ಸಾಕಾಯಿತು: ಕರುಳಿನ ಕೋಶದಲ್ಲೂ ಇಡೀ ಕಪ್ಪೆಗೆ ಬೇಕಾದ ಎಲ್ಲ ಜೀನ್‌ಗಳೂ ಇವೆ, ಅಂಡದೊಳಗಿನ ಯಾವುದೋ ವಸ್ತು ಹಳೆಯ ಗುರುತುಗಳನ್ನು ಅಳಿಸಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿಸುತ್ತದೆ. 1996ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯೂ ಇದೇ ದಾರಿಯಲ್ಲಿ, ಕೆಚ್ಚಲಿನ ಕೋಶದಿಂದ ಬಂದದ್ದು. ಅಂಡದಲ್ಲಿ ಏನೋ ಇದೆ ಎಂಬುದು ಖಾತ್ರಿಯಾಯಿತು. ಏನಿದೆ ಎಂಬುದು ಗೊತ್ತಾಗಲಿಲ್ಲ.

ಅದನ್ನು ಹಿಡಿದವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯ ಯಮನಾಕಾ. ಗರ್ಡನ್ ಪ್ರಬಂಧ ಬಂದ 1962ರಲ್ಲೇ ಹುಟ್ಟಿದವರು, ಮೂಳೆ ವೈದ್ಯರಾಗಲು ಹೊರಟು ಪ್ರಯೋಗಾಲಯಕ್ಕೆ ಬಂದವರು. ಅವರು ಮಾಡಿದ ಕೆಲಸದಲ್ಲಿ ನನಗೆ ಅತಿ ಚೆಂದ ಕಾಣುವುದು ಅದರ ಸರಳತೆ. ಭ್ರೂಣದ ಕಾಂಡಕೋಶಗಳಲ್ಲಿ ಚುರುಕಾಗಿರುವ, ಬೇರೆ ಜೀನ್‌ಗಳನ್ನು ಏಳಿಸಬಲ್ಲ 24 ಜೀನ್‌ಗಳ ಪಟ್ಟಿ ಮಾಡಿಕೊಂಡರು. ಒಂದೊಂದನ್ನೇ ಇಲಿಯ ಚರ್ಮದ ಕೋಶಕ್ಕೆ ಹಾಕಿದರೆ ಏನೂ ಆಗಲಿಲ್ಲ. 24ನ್ನೂ ಒಟ್ಟಿಗೆ ಹಾಕಿದರೆ ಕೆಲವು ಕೋಶಗಳು ಭ್ರೂಣದ ಕೋಶಗಳಂತೆ ಗುಂಪುಗಟ್ಟಿದವು. ಆದರೆ ಇಪ್ಪತ್ತನಾಲ್ಕರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು? ಎರಡೆರಡು, ಮೂರುಮೂರು ಜೋಡಿಸಿ ನೋಡುತ್ತ ಹೋದರೆ ಆಯುಷ್ಯ ಸಾಲದು. ಅವರ ಜೊತೆಗಿದ್ದ ಕಜುಟೋಶಿ ತಕಹಾಶಿ ಲೆಕ್ಕವನ್ನು ತಿರುಗಿಸಿದರು: ಪ್ರತಿ ಸಲ ಒಂದನ್ನು ಬಿಟ್ಟು 23 ಹಾಕೋಣ, ಯಾವುದನ್ನು ಬಿಟ್ಟಾಗ ಕೆಲಸ ಕೆಡುತ್ತದೋ ಅದು ಬೇಕಾದದ್ದು. ಹೀಗೆ ಜರಡಿ ಹಿಡಿದು 10ಕ್ಕೆ, ಕೊನೆಗೆ 4ಕ್ಕೆ ಬಂದು ನಿಂತರು. ಆಕ್ಟ್ 3/4, ಸಾಕ್ಸ್ 2, ಕೆಎಲ್‌ಎಫ್ 4, ಸಿ-ಮಿಕ್. ಇಡೀ ಅಂಡ ಮಾಡುವ ಕೆಲಸಕ್ಕೆ ನಾಲ್ಕು ಜೀನ್ ಸಾಕಾಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

2006ರಲ್ಲಿ ಇಲಿ, 2007ರ ನವೆಂಬರ್‌ನಲ್ಲಿ ಮನುಷ್ಯರ ಕೋಶ. ಅದೇ ತಿಂಗಳು ಅಮೆರಿಕದ ಜೇಮ್ಸ್ ಥಾಮ್ಸನ್ ತಂಡವೂ ಸ್ವಲ್ಪ ಬೇರೆಯ ನಾಲ್ಕು ಜೀನ್ ಬಳಸಿ ಅದನ್ನೇ ಮಾಡಿ ತೋರಿಸಿತು. ಹೀಗೆ ತಯಾರಾದದ್ದಕ್ಕೆ ಐಪಿಎಸ್ ಕೋಶ (ಇಂಡ್ಯೂಸ್ಡ್ ಪ್ಲುರಿಪೊಟೆಂಟ್ ಸ್ಟೆಮ್ ಸೆಲ್, ಏನು ಬೇಕಾದರೂ ಆಗಬಲ್ಲಂತೆ ಹಿಂದಕ್ಕೆ ಒಯ್ದ ಕೋಶ) ಎನ್ನುತ್ತಾರೆ, ಪೊಲೀಸ್ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. 2012ರಲ್ಲಿ ಗರ್ಡನ್ ಮತ್ತು ಯಮನಾಕಾ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು.

ಈ ನಾಲ್ಕು ಜೀನ್‌ಗಳಿಂದ ಬರುವ ಪ್ರೋಟೀನ್‌ಗಳು ಡಿಎನ್‌ಎ ಮೇಲೆ ಹೋಗಿ ಕೂತು ಮುಚ್ಚಿದ ಭಾಗವನ್ನು ಸಡಿಲಿಸುತ್ತವೆ. ಮೊದಲು ಚರ್ಮದ ಕೋಶದ ಕೆಲಸಗಳು ನಿಲ್ಲುತ್ತವೆ. ಆಮೇಲೆ ನಿಧಾನಕ್ಕೆ, ಎರಡು ಮೂರು ವಾರದಲ್ಲಿ, ಕೋಶದ ಒಳಗೇ ಇದ್ದ ಹಳೆಯ ಭ್ರೂಣಕಾಲದ ಜೀನ್‌ಗಳು ಎದ್ದು ಒಂದನ್ನೊಂದು ಎಚ್ಚರವಾಗಿ ಇಟ್ಟುಕೊಳ್ಳಲು ಶುರುಮಾಡುತ್ತವೆ. ಅಲ್ಲಿಗೆ ಬಂದ ಮೇಲೆ ಹೊರಗಿನಿಂದ ಹಾಕಿದ ನಾಲ್ಕರ ಅಗತ್ಯವಿಲ್ಲ. ಎಲ್ಲ ಕೋಶಗಳೂ ಅಲ್ಲಿಯವರೆಗೆ ಬರುವುದಿಲ್ಲ. ಮೊದಮೊದಲ ಪ್ರಯೋಗಗಳಲ್ಲಿ ಸಾವಿರಕ್ಕೆ ಒಂದು ಬಂದರೂ ದೊಡ್ಡದು.

ಇದರಿಂದ ಒಂದು ಜಗಳ ಕೂಡ ತಣ್ಣಗಾಯಿತು. 1998ರಿಂದ ಮನುಷ್ಯ ಭ್ರೂಣದ ಕಾಂಡಕೋಶ ಬೆಳೆಸಲು ಬರುತ್ತಿತ್ತು, ಆದರೆ ಅದಕ್ಕೆ ಭ್ರೂಣವನ್ನು ಒಡೆಯಬೇಕು. ಅಮೆರಿಕ 2001ರಲ್ಲಿ ಸರ್ಕಾರಿ ಹಣಕ್ಕೆ ಕಡಿವಾಣ ಹಾಕಿತ್ತು. ಚರ್ಮ ಅಥವಾ ರಕ್ತದಿಂದಲೇ ಆಗುವುದಾದರೆ ಭ್ರೂಣದ ಗೋಜೇ ಬೇಡವಲ್ಲ.

ಹಿಂದಕ್ಕೆ ಹೋದ ಕೋಶ ಔಷಧ ಅಲ್ಲ

ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ಇದು. ಐಪಿಎಸ್ ಕೋಶವನ್ನು ಇದ್ದಂತೆಯೇ ಯಾರಿಗೂ ಚುಚ್ಚುವುದಿಲ್ಲ. ಚುಚ್ಚಿದರೆ ಟೆರಟೋಮಾ ಎಂಬ ಗಡ್ಡೆ ಬೆಳೆಯುತ್ತದೆ. ಅದರೊಳಗೆ ಕೂದಲು, ಮೃದ್ವಸ್ಥಿ, ಸ್ನಾಯು, ಕೆಲವೊಮ್ಮೆ ಹಲ್ಲು ಕೂಡ ಕಲಸಿಕೊಂಡು ಇರುತ್ತವೆ. ವಿಚಿತ್ರ ಏನೆಂದರೆ, ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆ. ತಯಾರಾದ ಕೋಶವನ್ನು ಇಲಿಗೆ ಹಾಕಿ, ಎಲ್ಲ ಬಗೆಯ ಅಂಗಾಂಶವೂ ಇರುವ ಗಡ್ಡೆ ಬಂದರೆ ಆ ಕೋಶ ಪಾಸು. ಏನು ಬೇಕಾದರೂ ಆಗಬಲ್ಲ ಶಕ್ತಿಯೂ ಗಡ್ಡೆಯಾಗುವ ಅಪಾಯವೂ ಬೇರೆ ಬೇರೆ ಅಲ್ಲ.

ಆದ್ದರಿಂದ ಹಿಂದಕ್ಕೆ ಹೋದ ಕೋಶವನ್ನು ಮತ್ತೆ ಮುಂದಕ್ಕೆ, ಬೇಕಾದ ಜಾಗಕ್ಕೆ, ಬೇಕಾದಷ್ಟೇ ದೂರ ತರಬೇಕು. ಹೊಟ್ಟೆಯೊಳಗಿನ ಭ್ರೂಣದಲ್ಲಿ ಯಾವ ದಿನ ಯಾವ ರಾಸಾಯನಿಕ ಸಂದೇಶ ಎಷ್ಟು ಪ್ರಮಾಣದಲ್ಲಿ ಬರುತ್ತದೋ ಅದನ್ನೇ ಪ್ಲಾಸ್ಟಿಕ್ ತಟ್ಟೆಯಲ್ಲಿ ಅದೇ ಕ್ರಮದಲ್ಲಿ ಕೊಡಬೇಕು. ಒಂದು ಸಂದೇಶ ಎರಡು ದಿನ ತಡವಾದರೆ ಮೆದುಳಿನ ಬೇರೆ ಭಾಗದ ಕೋಶ ಬರಬಹುದು. ಅದೂ ಲಕ್ಷಾಂತರ ಕೋಶಗಳಿಗೆ ಒಟ್ಟಿಗೆ. ಅವುಗಳಲ್ಲಿ ದಾರಿ ತಪ್ಪಿ ಹಿಂದೆಯೇ ಉಳಿದ ಬೆರಳೆಣಿಕೆಯ ಕೋಶಗಳಿದ್ದರೂ ಮುಂದೆ ಗಡ್ಡೆಯ ಭಯ. ಅದಕ್ಕೇ ಕ್ಯೋಟೋದ ಪಾರ್ಕಿನ್ಸನ್ ತಂಡ ಕೋರಿನ್ ಎಂಬ ಪ್ರೋಟೀನ್ ಮೈಮೇಲಿರುವ ಕೋಶಗಳನ್ನಷ್ಟೇ ಆರಿಸಿ, ಮಿಕ್ಕದ್ದನ್ನು ಬಿಟ್ಟು ಮುಂದೆ ಹೋಯಿತು.

ಅಪಾಯ ಇನ್ನೂ ಎರಡು ಕಡೆಯಿಂದ ಬರುತ್ತದೆ. ನಾಲ್ಕರಲ್ಲಿ ಒಂದಾದ ಸಿ-ಮಿಕ್ ಕ್ಯಾನ್ಸರ್‌ಗೂ ಬೇಕಾದ ಜೀನ್. ಜೀನ್‌ಗಳನ್ನು ಕೋಶದೊಳಕ್ಕೆ ಒಯ್ಯಲು ಮೊದಲು ಬಳಸುತ್ತಿದ್ದ ರೆಟ್ರೊವೈರಸ್ ಅದನ್ನು ಕೋಶದ ಡಿಎನ್‌ಎಯಲ್ಲೇ ಶಾಶ್ವತವಾಗಿ ಸೇರಿಸಿಬಿಡುತ್ತಿತ್ತು. 2007ರ ಸುಮಾರಿಗೆ ಇಂಥ ಕೋಶಗಳಿಂದ ಹುಟ್ಟಿದ ಇಲಿಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಗಡ್ಡೆ ಕಂಡಿತ್ತು. ಈಗ ಡಿಎನ್‌ಎಗೆ ಸೇರಿಕೊಳ್ಳದ ಸೆಂಡಾಯ್ ವೈರಸ್, ಕೆಲಸ ಮುಗಿಸಿ ಕಳೆದುಹೋಗುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಬಳಸುತ್ತಾರೆ. ಬೀಜಿಂಗಿನ ಡೆಂಗ್ ಹಾಂಗ್‌ಕ್ವಿ ತಂಡ ಜೀನ್ ಹಾಕದೆ ಬರೀ ರಾಸಾಯನಿಕಗಳಿಂದಲೇ ಕೋಶವನ್ನು ಹಿಂದಕ್ಕೆ ಒಯ್ಯುವುದನ್ನು 2013ರಲ್ಲಿ ಇಲಿಯಲ್ಲಿ, 2022ರಲ್ಲಿ ಮನುಷ್ಯರ ಕೋಶದಲ್ಲಿ ಮಾಡಿ ತೋರಿಸಿತು. ಚೀನಾದ ಮಧುಮೇಹದ ಸುದ್ದಿ ಈ ತಂತ್ರದ್ದೇ. ಹಾಗಾಗಿ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗಿದೆ ಎನ್ನಬಹುದು.

ಎರಡನೆಯದು ಅಷ್ಟು ಸುಲಭಕ್ಕೆ ಹೋಗಲ್ಲ. ತಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಳೆಸುವಾಗ ಕೋಶಗಳ ಡಿಎನ್‌ಎಯಲ್ಲಿ ಸಣ್ಣಪುಟ್ಟ ರೂಪಾಂತರಗಳು (ಮ್ಯುಟೇಶನ್) ಆಗುತ್ತಲೇ ಇರುತ್ತವೆ. ಅವುಗಳಲ್ಲಿ ಬೇಗ ಬೆಳೆಯುವ ಗುಣ ಕೊಡುವಂಥದ್ದು ಇದ್ದರೆ ಆ ಕೋಶದ ಸಂತಾನವೇ ತಟ್ಟೆ ತುಂಬಿಕೊಳ್ಳುತ್ತದೆ. ಬೇಗ ಬೆಳೆಯುವ ಗುಣ ಅಂದರೆ ಕ್ಯಾನ್ಸರ್ ಕಡೆಗೆ ಒಂದು ಹೆಜ್ಜೆ.

ಯಾರ ಕೋಶ?

ಮೊದಲು ಎಲ್ಲರೂ ಕನಸು ಕಂಡದ್ದು ರೋಗಿಯ ಸ್ವಂತ ಕೋಶ. ನಿಮ್ಮದೇ ಚರ್ಮ, ನಿಮಗೇ ಕಣ್ಣು. ದೇಹ ಅದನ್ನು ಪರಕೀಯ ಎಂದು ತಳ್ಳುವುದಿಲ್ಲ, ಜೀವಮಾನವಿಡೀ ಮಾತ್ರೆ ನುಂಗಬೇಕಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿ ತಂಡ ಅದನ್ನು ಮಾಡಿಯೂ ತೋರಿಸಿತು. ವಯಸ್ಸಾದಂತೆ ದೃಷ್ಟಿಯ ನಡುಭಾಗ ಮಸುಕಾಗುವ ಕಾಯಿಲೆ ಇದ್ದ, ಎಪ್ಪತ್ತು ದಾಟಿದ ಮಹಿಳೆಯ ಚರ್ಮದಿಂದ ರೆಟಿನಾದ ಅಡಿಪದರದ ಹಾಳೆ ಬೆಳೆಸಿ ಕಣ್ಣೊಳಗೆ ಇಟ್ಟರು. ಮನುಷ್ಯರಿಗೆ ಐಪಿಎಸ್ ಕೋಶದಿಂದ ಬಂದ ಅಂಗಾಂಶ ಹಾಕಿದ್ದು ಅದೇ ಮೊದಲು. ದೃಷ್ಟಿ ಸುಧಾರಿಸಲಿಲ್ಲ, ಆದರೆ ಇನ್ನಷ್ಟು ಕೆಡದೆ ನಿಂತಿತು. ಗಡ್ಡೆ ಬರಲಿಲ್ಲ.

ಎರಡನೇ ರೋಗಿಗೆ ತಯಾರಿಸಿದ ಕೋಶಗಳಲ್ಲಿ ರೂಪಾಂತರಗಳು ಕಂಡವು. 2015ರಲ್ಲಿ ಕೆಲಸ ನಿಲ್ಲಿಸಿದರು. ಆ ನಿರ್ಧಾರ ನನಗೆ ಮೊದಲ ಶಸ್ತ್ರಚಿಕಿತ್ಸೆಗಿಂತ ದೊಡ್ಡದಾಗಿ ಕಾಣುತ್ತದೆ, ಪ್ರಪಂಚವೇ ನೋಡುತ್ತಿರುವಾಗ ಹಾಗೆ ನಿಲ್ಲಿಸುವುದು ಸುಲಭವಲ್ಲ. ಜೊತೆಗೆ ಲೆಕ್ಕವೂ ಎದುರಿಗೆ ಬಂತು. ಒಬ್ಬ ರೋಗಿಗೆ ಕೋಶ ತಯಾರಿಸಿ, ಬೆಳೆಸಿ, ಪರೀಕ್ಷಿಸಲು ತಿಂಗಳುಗಟ್ಟಲೆ ಸಮಯ, ಕೋಟಿಗಟ್ಟಲೆ ಯೆನ್ ಖರ್ಚು.

ಹಾಗಾಗಿ ಜಪಾನ್ ದಾರಿ ಬದಲಿಸಿತು. ಬಹಳ ಜನರಿಗೆ ಹೊಂದಿಕೆಯಾಗುವ ಅಪರೂಪದ ದಾನಿಗಳನ್ನು ಹುಡುಕಿ, ಅವರ ರಕ್ತದಿಂದ ಐಪಿಎಸ್ ಕೋಶ ಮಾಡಿ ದಾಸ್ತಾನು ಇಟ್ಟುಕೊಂಡರೆ ಒಂದೇ ಸಲ ಪರೀಕ್ಷೆ ಮಾಡಿ ನೂರಾರು ಜನರಿಗೆ ಬಳಸಬಹುದು. ಖರ್ಚು ಇಳಿಯುತ್ತದೆ. ಬದಲಿಗೆ ರೋಗಿ ಕನಿಷ್ಠ ಸ್ವಲ್ಪ ಕಾಲವಾದರೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳಬೇಕು. ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಜಪಾನಿನಲ್ಲಿ ಅಂಗಾಂಶ ಹೊಂದಿಕೆಯ ಗುರುತುಗಳು ಹೆಚ್ಚು ಜನರಲ್ಲಿ ಒಂದೇ ತರಹ, ಅದಕ್ಕೆ ಕೆಲವೇ ದಾನಿಗಳಿಂದ ಬಹಳ ಜನರಿಗೆ ಆಗುತ್ತದೆ. ನಮ್ಮಲ್ಲಿ ಶತಮಾನಗಳಿಂದ ಜಾತಿಯೊಳಗೇ ಮದುವೆ ಆಗುತ್ತ ಬಂದಿರುವುದರಿಂದ ಗುಂಪಿನಿಂದ ಗುಂಪಿಗೆ ಇವು ಬಹಳ ಬೇರೆ. ಅಷ್ಟೇ ಸಣ್ಣ ದಾಸ್ತಾನು ನಮ್ಮಲ್ಲಿ ಅಷ್ಟೇ ಜನರನ್ನು ಮುಟ್ಟುವುದಿಲ್ಲ.

ಏಳು ಜನರ ಮೇಲಿನ ಪರೀಕ್ಷೆ ಸಾಕಾ?

ಈಗ ಪಾರ್ಕಿನ್ಸನ್ ಸುದ್ದಿಗೆ ಬರೋಣ. ಈ ಕಾಯಿಲೆಯಲ್ಲಿ ಮೆದುಳಿನ ಒಂದು ಸಣ್ಣ ಭಾಗದಲ್ಲಿ ಡೋಪಮಿನ್ ಮಾಡುವ ಕೋಶಗಳು ಸಾಯುತ್ತ ಹೋಗುತ್ತವೆ. ಕೈ ನಡುಗುತ್ತದೆ, ಹೆಜ್ಜೆ ಎತ್ತಿಡಲು ಕಷ್ಟ. ಸಾಯುವುದು ಮುಖ್ಯವಾಗಿ ಒಂದೇ ಬಗೆಯ ಕೋಶ, ಬೇಕಾದದ್ದು ಒಂದೇ ರಾಸಾಯನಿಕ. ಕೋಶ ಚಿಕಿತ್ಸೆಗೆ ಇದು ಸೂಕ್ತ ಕಾಯಿಲೆ ಎನ್ನುವುದು ಅದಕ್ಕೇ.

ಕ್ಯೋಟೋದಲ್ಲಿ ಜುನ್ ತಕಹಾಶಿ ನಡೆಸಿದ ಪರೀಕ್ಷೆಯ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. 50ರಿಂದ 69 ವರ್ಷದೊಳಗಿನ ಏಳು ರೋಗಿಗಳು. ದಾನಿಯ ಕೋಶದಿಂದ ಬೆಳೆಸಿದ ಎಳೆಯ ನರಕೋಶಗಳನ್ನು ಮೆದುಳಿನ ಎರಡೂ ಬದಿಗೆ ಹಾಕಿ ಎರಡು ವರ್ಷ ನೋಡಿದರು. ಗಂಭೀರ ಅಡ್ಡ ಪರಿಣಾಮ ಇರಲಿಲ್ಲ, ಗಡ್ಡೆ ಇರಲಿಲ್ಲ. ಪರಿಣಾಮ ಅಳೆದ ಆರು ಜನರಲ್ಲಿ ನಾಲ್ವರಿಗೆ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲೂ ಚಲನೆ ಸುಧಾರಿಸಿತ್ತು. ಸ್ಕ್ಯಾನ್‌ನಲ್ಲಿ ಹಾಕಿದ ಕೋಶಗಳು ಡೋಪಮಿನ್ ಮಾಡುತ್ತಿರುವುದು ಕಂಡಿತು. ಆಗಸ್ಟ್‌ನಲ್ಲಿ ಸುಮಿಟೊಮೊ ಫಾರ್ಮಾ ಅನುಮತಿಗೆ ಅರ್ಜಿ ಹಾಕಿತು. ಹೃದಯದ ಮೇಲೆ ಅಂಟಿಸುವ ಸ್ನಾಯುಕೋಶದ ಹಾಳೆಗೆ ಒಸಾಕಾ ವಿಶ್ವವಿದ್ಯಾಲಯದಿಂದ ಹುಟ್ಟಿದ ಕ್ವೊರಿಪ್ಸ್ ಎಂಬ ಕಂಪನಿ ಅದೇ ವರ್ಷದ ಏಪ್ರಿಲ್‌ನಲ್ಲೇ ಹಾಕಿತ್ತು.

ಏಳು ಜನರ ಪರೀಕ್ಷೆ ಇಟ್ಟುಕೊಂಡು ಅನುಮತಿ ಕೇಳಲು ಹೇಗೆ ಸಾಧ್ಯ? ಜಪಾನ್ 2014ರಲ್ಲಿ ತಂದ ಕಾನೂನಿನಿಂದ. ಇಂಥ ಚಿಕಿತ್ಸೆ ಸುರಕ್ಷಿತ ಎಂದು ತೋರಿಸಿ, ಕೆಲಸ ಮಾಡಬಹುದು ಎಂಬ ಅಂದಾಜು ಕೊಟ್ಟರೆ ಸಾಕು, ಗರಿಷ್ಠ ಏಳು ವರ್ಷಕ್ಕೆ ಷರತ್ತಿನ ಅನುಮತಿ ಸಿಗುತ್ತದೆ. ಆ ಅವಧಿಯಲ್ಲಿ ರೋಗಿಗಳಿಗೆ ಕೊಡುತ್ತ, ಅವರಿಂದಲೇ ಬಂದ ಮಾಹಿತಿಯಿಂದ ಅದು ಕೆಲಸ ಮಾಡುತ್ತದೆ ಎಂದು ಸಾಬೀತುಮಾಡಬೇಕು.

ಇದರ ಪರ ಇರುವವರ ವಾದದಲ್ಲಿ ಹುರುಳಿದೆ. ಇಂಥ ರೋಗಿಗಳು ಕಡಿಮೆ, ಮೆದುಳಿಗೆ ಸುಳ್ಳು ಶಸ್ತ್ರಚಿಕಿತ್ಸೆ ಮಾಡಿ ಹೋಲಿಸುವುದು ಕಷ್ಟ, ಹತ್ತು ಹದಿನೈದು ವರ್ಷ ಕಾಯುವಷ್ಟು ಸಮಯ ರೋಗಿಗಿಲ್ಲ, ಸಣ್ಣ ಕಂಪನಿಗೆ ಅಷ್ಟು ಹಣವೂ ಇಲ್ಲ. ಎದುರು ವಾದದವರು ಹೇಳುವುದು: ಪಾರ್ಕಿನ್ಸನ್‌ನಲ್ಲಿ ಉಪ್ಪುನೀರು ಚುಚ್ಚಿದರೂ ಕೆಲವರಿಗೆ ಸುಧಾರಿಸಿದಂತೆ ಅನ್ನಿಸುತ್ತದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದೆ ನಾಲ್ವರ ಸುಧಾರಣೆಗೆ ಕೋಶವೇ ಕಾರಣ ಎನ್ನಲಾಗದು. ಜೊತೆಗೆ ಒಮ್ಮೆ ಮಾರುಕಟ್ಟೆಗೆ ಬಂದ ಮೇಲೆ ಪ್ರಯೋಗದ ಖರ್ಚು ಕಂಪನಿಯಿಂದ ರೋಗಿಗೂ ವಿಮೆಗೂ ವರ್ಗವಾಗುತ್ತದೆ.

ಎರಡನೇ ವಾದಕ್ಕೆ ಪುಷ್ಟಿ ಕೊಡುವ ಉದಾಹರಣೆ ಜಪಾನಿನಲ್ಲೇ ಇದೆ. ಟೆರುಮೊ ಕಂಪನಿಯ ಹಾರ್ಟ್‌ಶೀಟ್ ಎಂಬ ಉತ್ಪನ್ನಕ್ಕೆ, ಅದು ಐಪಿಎಸ್ ಅಲ್ಲ, ರೋಗಿಯ ತೊಡೆಯ ಸ್ನಾಯುಕೋಶದ್ದು, 2015ರಲ್ಲಿ ಇದೇ ಷರತ್ತಿನ ಅನುಮತಿ ಸಿಕ್ಕಿತ್ತು. ಅವಧಿ ವಿಸ್ತರಿಸಿ, ಒಂಬತ್ತು ವರ್ಷ ಕಳೆದರೂ ಪರಿಣಾಮ ಸಾಬೀತಾಗಲಿಲ್ಲ, 2024ರಲ್ಲಿ ಅದು ಮಾರುಕಟ್ಟೆಯಿಂದ ಹೊರಗೆ ಹೋಯಿತು. ನನ್ನ ಮಟ್ಟಿಗೆ ಎರಡನೇ ವಾದವೇ ಗಟ್ಟಿ. ಅನುಮತಿ ಕೊಡುವುದಾದರೆ ಕೊಡಲಿ, ಆದರೆ ಆ ಏಳು ವರ್ಷದ ಖರ್ಚು ರೋಗಿಯ ತಲೆ ಮೇಲೆ ಬರಬಾರದು. ಷರತ್ತಿನ ಅನುಮತಿ ಎನ್ನುವುದು ಕನ್ನಡದ ತಲೆಬರಹಕ್ಕೆ ಬರುವಾಗ ಬರೀ "ಅನುಮತಿ" ಆಗಿಬಿಡುತ್ತದೆ ಎನ್ನುವುದು ಬೇರೆಯೇ ಕಥೆ.

ಶುಗರ್ ಸುದ್ದಿಯ ಒಳಗೆ

ಚೀನಾದ ಸುದ್ದಿಯಲ್ಲಿ ಎರಡು ಸಂಗತಿ ಮುಖ್ಯ. ಮೊದಲನೆಯದು, ಆಕೆಗಿದ್ದದ್ದು ಟೈಪ್ 1. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತದೆ. ನಮ್ಮ ಊರುಗಳಲ್ಲಿ ಶುಗರ್ ಎನ್ನುವುದು ಬಹುಪಾಲು ಟೈಪ್ 2. ಅದರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ಆಮೇಲೆ ಕೋಶಗಳೂ ಸುಸ್ತಾಗುತ್ತವೆ. ಹೊಸ ಕೋಶ ಹಾಕಿದರೆ ಮೊದಲ ತೊಂದರೆ ಹಾಗೇ ಉಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಆಕೆಗೆ ಮೊದಲೇ ಯಕೃತ್ತಿನ ಕಸಿ ಆಗಿತ್ತು. ಅದಕ್ಕಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಲೇ ಇದ್ದರು. ಶಾಂಘೈನಲ್ಲಿ ಟೈಪ್ 2 ಇದ್ದ 59 ವರ್ಷದ ವ್ಯಕ್ತಿಯೊಬ್ಬರಿಗೂ ಹೀಗೇ ಕೋಶ ಹಾಕಿ ಯಶಸ್ಸಾಯಿತೆಂದು ಅದೇ ವರ್ಷ ವರದಿಯಾಗಿತ್ತು. ಅವರಿಗೂ ಮೊದಲೇ ಮೂತ್ರಪಿಂಡದ ಕಸಿ ಆಗಿತ್ತು. ಅಂದರೆ ಇಬ್ಬರೂ ಅಂಥ ಔಷಧದ ರಕ್ಷಣೆಯಲ್ಲೇ ಇದ್ದವರು. ಟೈಪ್ 1ರಲ್ಲಿ ಸ್ವಂತ ಕೋಶ ಹಾಕಿದರೂ ದೇಹ ಮೊದಲು ಕೊಂದಂತೆ ಇವನ್ನೂ ಕೊಲ್ಲಬಹುದಲ್ಲ? ಔಷಧವಿಲ್ಲದೆ ಇವು ಉಳಿಯುತ್ತವೆಯೇ ಎಂಬ ಪ್ರಶ್ನೆಗೆ ಈ ಎರಡು ಪ್ರಕರಣಗಳು ಉತ್ತರ ಕೊಡುವುದಿಲ್ಲ. ಅಮೆರಿಕದ ವರ್ಟೆಕ್ಸ್ ಕಂಪನಿ ಭ್ರೂಣಮೂಲದ ಕೋಶಗಳಿಂದ ಮಾಡಿದ ಚಿಕಿತ್ಸೆಯಲ್ಲಿ 12 ಜನರಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು ಎಂದು 2025ರಲ್ಲಿ ಪ್ರಕಟವಾಯಿತು. ಬಹಳ ಒಳ್ಳೆಯ ಫಲಿತಾಂಶ. ಆದರೆ ಅವರೂ ಅದೇ ಔಷಧದ ಮೇಲೆ ಇರಬೇಕು. ಆ ಔಷಧದಿಂದ ಸೋಂಕಿನ ಅಪಾಯ ಜಾಸ್ತಿ, ಮೂತ್ರಪಿಂಡಕ್ಕೂ ತೊಂದರೆ ಆಗಬಹುದು. ಇನ್ಸುಲಿನ್‌ನಿಂದ ಸರಿಯಾಗಿಯೇ ನಡೆಯುತ್ತಿರುವವರಿಗೆ ಈ ಅದಲುಬದಲು ಲಾಭದ್ದಲ್ಲ.

ಕೃಷಿ ಮೇಳದ ಆವರಣದಲ್ಲೇ

ಇದೆಲ್ಲ ಬರೀ ಜಪಾನು, ಚೀನಾದ ವಿಷಯ ಅಂದುಕೊಳ್ಳಬೇಕಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಳ್ಳಾರಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರು ಜಿಕೆವಿಕೆ ಗೇಟು ದಾಟಿಯೇ ಹೋಗುತ್ತಾರೆ. ಕೃಷಿ ಮೇಳಕ್ಕೆಂದು ನಮ್ಮ ಮೂರೂ ಜಿಲ್ಲೆಯ ರೈತರು ಹೋಗುವ ಅದೇ ಆವರಣದಲ್ಲಿ ಇನ್‌ಸ್ಟೆಮ್, ಎನ್‌ಸಿಬಿಎಸ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ನಿಮ್ಹಾನ್ಸ್ ಜೊತೆ ಸೇರಿ ಅವರು ನಡೆಸುವ ಯೋಜನೆಯಲ್ಲಿ, ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳು ಒಂದೇ ಮನೆಯಲ್ಲಿ ಹಲವರಿಗೆ ಇರುವ ಕುಟುಂಬಗಳಿಂದ ರಕ್ತ ಪಡೆದು ಐಪಿಎಸ್ ಕೋಶ ಮಾಡಿ, ಅದರಿಂದ ನರಕೋಶ ಬೆಳೆಸಿ ನೋಡುತ್ತಾರೆ. ಬದುಕಿರುವವರ ಮೆದುಳಿನಿಂದ ಚೂರು ತೆಗೆಯಲಾಗುವುದಿಲ್ಲ, ಆದರೆ ಅದೇ ಡಿಎನ್‌ಎ ಇರುವ ನರಕೋಶವನ್ನು ತಟ್ಟೆಯಲ್ಲಿ ಬೆಳೆಸಬಹುದು. ಕಾಯಿಲೆ ಇರುವವರ ಮತ್ತು ಅದೇ ಮನೆಯ ಆರೋಗ್ಯವಂತರ ನರಕೋಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು, ಔಷಧ ಹಾಕಿ ನೋಡಬಹುದು. ಇಲ್ಲಿ ಯಾರ ದೇಹಕ್ಕೂ ಏನೂ ಹಾಕುವುದಿಲ್ಲ, ಹಾಗಾಗಿ ಗಡ್ಡೆಯ ಭಯವೂ ಇಲ್ಲ. ಸುದ್ದಿಯಾಗದಿದ್ದರೂ ಈ ತಂತ್ರ ಈಗಾಗಲೇ ನಿಜವಾಗಿ ಕೆಲಸಕ್ಕೆ ಬರುತ್ತಿರುವುದು ಇಂಥ ಕಡೆಯೇ.

ಅದೇ ಆವರಣದಲ್ಲಿ ಹೊಸ ಕಂಪನಿಗಳಿಗೆ ನೆರವಾಗುವ ಸಿ-ಕ್ಯಾಂಪ್ ಎಂಬ ಕೇಂದ್ರದಲ್ಲಿ ಬೆಳೆದ ಐಸ್ಟೆಮ್ ಎಂಬ ಕಂಪನಿ, ಕೋಬೆಯಲ್ಲಿ ಮಾಡಿದ ಬಗೆಯ ರೆಟಿನಾ ಕೋಶಗಳನ್ನು ಐಪಿಎಸ್‌ನಿಂದ ತಯಾರಿಸಿ, ವಯಸ್ಸಾದವರ ದೃಷ್ಟಿದೋಷಕ್ಕೆ ಮೊದಲ ಹಂತದ ಪರೀಕ್ಷೆ ನಡೆಸಲು 2024ರಲ್ಲಿ ಅನುಮತಿ ಪಡೆಯಿತು. ಮೊದಲ ಹಂತ ಅಂದರೆ ಸುರಕ್ಷಿತವೇ ಎಂದು ನೋಡುವುದು, ಅಷ್ಟೇ. ದೃಷ್ಟಿ ವಾಪಸ್ ಬಂತೇ ಎಂಬುದು ಮುಂದಿನ ಮಾತು.

ಹಾಗಾದರೆ ಮಂಡಿಗೆ ಚುಚ್ಚುವುದು ಏನು?

ಜಾಹೀರಾತಿನ ಇಂಜೆಕ್ಷನ್‌ಗೂ ಮೇಲೆ ಹೇಳಿದ್ದಕ್ಕೂ ಸಂಬಂಧ ಕಡಿಮೆ. ಸಾಮಾನ್ಯವಾಗಿ ಆಗುವುದು ಇಷ್ಟು: ರೋಗಿಯ ಹೊಟ್ಟೆಯ ಕೊಬ್ಬು ಅಥವಾ ಸೊಂಟದ ಅಸ್ಥಿಮಜ್ಜೆ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬೇರ್ಪಡಿಸಿದ ಕೋಶಗಳನ್ನು ಅಂದೇ ವಾಪಸ್ ಚುಚ್ಚುವುದು. ಹಿಂದಕ್ಕೆ ಕರೆದೊಯ್ಯುವುದೂ ಇಲ್ಲ, ಮುಂದಕ್ಕೆ ತರುವುದೂ ಇಲ್ಲ. ಅದರಲ್ಲಿ ಅಂಗಾಂಶ ರಿಪೇರಿಗೆ ನೆರವಾಗುವ ಕೆಲವು ಕೋಶಗಳು ಇರಬಹುದು. ಅವು ಹೊಸ ಮೃದ್ವಸ್ಥಿಯನ್ನೇ ಕಟ್ಟುತ್ತವೆ ಎನ್ನುವುದು ಬೇರೆ ಮಾತು. ಫ್ಲೋರೈಡ್‌ನಿಂದ ಬಿಗಿದ ಕೀಲಿಗಂತೂ ಕಾರಣ ಮೂಳೆ ಮತ್ತು ಸ್ನಾಯುಬಂಧದಲ್ಲಿ ಸೇರಿಕೊಂಡ ಫ್ಲೋರೈಡ್. ಕುಡಿಯುವ ನೀರು ಬದಲಾಗದೆ ಮೇಲಿಂದ ಕೋಶ ಚುಚ್ಚಿ ಪ್ರಯೋಜನ ಏನು?

ಕಾನೂನು ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಮಾತ್ರ ಒಪ್ಪಿತ ಚಿಕಿತ್ಸೆ, ಮಿಕ್ಕದ್ದೆಲ್ಲ ಪರೀಕ್ಷೆಯ ಹಂತದ್ದು. 2019ರ ನಿಯಮಗಳಲ್ಲಿ ಸ್ಟೆಮ್ ಸೆಲ್ ಉತ್ಪನ್ನವನ್ನು ಹೊಸ ಔಷಧವೆಂದೇ ಎಣಿಸುತ್ತಾರೆ. ಆಟಿಸಂ ಇರುವ ಮಕ್ಕಳಿಗೆ ಸ್ಟೆಮ್ ಸೆಲ್ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರ್‌ನಲ್ಲಿ ವೃತ್ತಿ ದುರ್ನಡತೆ ಎಂದಿತು. ಆಮೇಲೆ, ನ್ಯಾಯವಾಗಿ ಇದನ್ನೂ ಹೇಳಬೇಕು: ದಾನಿಗಳ ಅಸ್ಥಿಮಜ್ಜೆಯಿಂದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಉತ್ಪನ್ನವೊಂದಕ್ಕೆ ಮಂಡಿ ಸವೆತಕ್ಕೆಂದು 2022ರಲ್ಲಿ ಅನುಮತಿ ಸಿಕ್ಕಿದೆ. ಅಂದರೆ ಪರೀಕ್ಷೆ ಮಾಡಿ, ಮಾಹಿತಿ ಕೊಟ್ಟು ಅನುಮತಿ ಪಡೆಯುವ ದಾರಿ ಇದೆ. ಕ್ಲಿನಿಕ್‌ನವರ ವಾದ ಬೇರೆ. ರೋಗಿಯದೇ ಕೋಶ, ಹೆಚ್ಚೇನೂ ಬದಲಿಸದೆ ಅವರಿಗೇ ಹಾಕುತ್ತೇವೆ, ಇದು ಔಷಧವಲ್ಲ, ಬರೀ ಒಂದು ಚಿಕಿತ್ಸಾ ವಿಧಾನ ಎನ್ನುತ್ತಾರೆ. ನಿಯಮದ ಸಂದಿಯಲ್ಲಿ ಈ ವಾದ ನುಸುಳುತ್ತದೆ.

ನಿಮ್ಮದೇ ಕೋಶ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. 2015ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿನಿಕ್ ಒಂದರಲ್ಲಿ ಮೂವರು ಮಹಿಳೆಯರು ಕಣ್ಣಿನ ಕಾಯಿಲೆಗೆಂದು ಹೀಗೇ ಹೊಟ್ಟೆಯ ಕೊಬ್ಬಿನ ಕೋಶ ಹಾಕಿಸಿಕೊಂಡರು, ಎರಡೂ ಕಣ್ಣಿಗೆ, ಒಂದೇ ದಿನ. ಮೂವರೂ ದೃಷ್ಟಿ ಕಳೆದುಕೊಂಡರು. ರೆಟಿನಾ ಕಿತ್ತುಬಂದಿತ್ತು, ಒಳಗೆ ರಕ್ತಸ್ರಾವ ಆಗಿತ್ತು. ಅವರು ಪೂರಾ ಕುರುಡು ನಂಬಿಕೆಯಿಂದ ಹೋದವರಲ್ಲ. ಸರ್ಕಾರಿ ಜಾಲತಾಣದ ಟ್ರಯಲ್ ಪಟ್ಟಿಯಲ್ಲಿ ಆ ಕ್ಲಿನಿಕ್ಕಿನ ಹೆಸರಿತ್ತು, ಕನಿಷ್ಠ ಒಬ್ಬರಾದರೂ ಇದೊಂದು ಸಂಶೋಧನೆ ಎಂದೇ ನಂಬಿದ್ದರು.

ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಅಂದರೆ ಸಾಲದು. ನಮ್ಮಲ್ಲೂ ಸಿಟಿಆರ್‌ಐ ಎಂಬ ಪಟ್ಟಿ ಇದೆ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಹುಡುಕಬಹುದು. ಅದರ ಜೊತೆಗೆ ಔಷಧ ನಿಯಂತ್ರಕರ ಅನುಮತಿ ಸಂಖ್ಯೆ ಕೇಳಿ, ನೈತಿಕ ಸಮಿತಿಯ ಪತ್ರ ಕೇಳಿ. ಎಲ್ಲಕ್ಕಿಂತ ಮೊದಲು ದುಡ್ಡಿನ ವಿಷಯ ಕೇಳಿ. ಐಸಿಎಂಆರ್ ಮಾರ್ಗಸೂಚಿಯಂತೆ ಪರೀಕ್ಷೆಗೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ, ಮತ್ತು ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ಹೊಣೆ ನಡೆಸುವವರದು. ಫ್ಲೋರಿಡಾದ ಆ ಮೂವರೂ ತಲಾ 5,000 ಡಾಲರ್ ಕಟ್ಟಿದ್ದರು.